ಮೂರನೇ ಸೀಟಿ

ಜರ್ಮನಿಗೆ ಓದಲು ಬಂದ ಸಿಂಚನಾಳನ್ನು ಸೀನಿಯರೊಬ್ಬಳು ಹೆದರಿಸಿಬಿಟ್ಟಳು. "ದಿನಾ ಬೆಳಿಗ್ಗೆ ಕುಕ್ಕರ್ ಕೂಗಿಸ್ತೀಯಲ್ಲ, ಕೆಳಗಿನ ಮನೆ ಅಜ್ಜಿ ಕಂಪ್ಲೇಂಟ್ ಕೊಟ್ರೆ ರೂಮು ಖಾಲಿ ಮಾಡಿಸ್ತಾರೆ ನೋಡು."

ಕುಕ್ಕರ್ ಅಂದೇ ಮಂಚದ ಕೆಳಗೆ ಸೇರಿತು. ಸಿಂಚನಾ ಪಾತ್ರೆಯಲ್ಲಿ ಅರೆಬೆಂದ ಬೇಳೆ ತಿನ್ನುತ್ತಾ, ಟ್ರಾಮಿನಲ್ಲೂ ಮಣಮಣ ಎನ್ನುತ್ತಾ, ಜರ್ಮನ್ನಿನಲ್ಲಿ ಕ್ಷಮೆ ಕೇಳುವುದನ್ನು ಉರುಹೊಡೆದಳು.

ಐದನೆಯ ದಿನ ಬಾಗಿಲು ತೆರೆದರೆ ಅಜ್ಜಿಯೇ ನಿಂತಿದ್ದರು. ಅವಳು ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು.

"ಸದ್ದು ಮಾಡಿದ್ದಕ್ಕೆ ಕ್ಷಮಿಸಿ. ಇನ್ನು ಯಾವತ್ತೂ ಕುಕ್ಕರ್ ಇಡಲ್ಲ."

ಅಜ್ಜಿಯ ಮುಖ ಸಪ್ಪಗಾಯಿತು. ಹುಡುಗಿಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಹಾಗನ್ಬೇಡ ಮಗು. ನಿನ್ನ ಮೂರನೇ ಸೀಟಿಗೇ ನಾನು ಬಿಪಿ ಮಾತ್ರೆ ನುಂಗ್ತಿದ್ದೆ. ಐದು ದಿನದಿಂದ ಮರೆತೇಹೋಗ್ತಿದೆ."