ಬೇರೆ ಇಟ್ಟ ಲೋಟ

ನರ್ಸ್ ಬಚ್ಚಲಿನ ಬಾಗಿಲಲ್ಲೇ ನಿಂತಳು. ಅವಳು ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ್ದ ಸಮವಸ್ತ್ರವನ್ನು ಅತ್ತೆ ಬಕೆಟ್ಟಿನಿಂದ ಎತ್ತಿ ಮೂಗಿಗೆ ಹಿಡಿದಿದ್ದರು.

ಮೂರು ದಿನದಿಂದ ಅವಳಿಗೆ ಅನುಮಾನವಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಒಂದು ಲೋಟ ಬೇರೆಯಾಗಿ ಕೂತಿತ್ತು. ಅತ್ತೆ ಜೊತೆಗೆ ಕೂತು ಉಣ್ಣುವುದನ್ನೂ ಬಿಟ್ಟಿದ್ದರು. ಕೊರೋನಾ ವಾರ್ಡಿನಿಂದ ಬರುವವಳನ್ನು ಕಂಡು ಬೀದಿಯವರು ಬಾಗಿಲು ಹಾಕಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು. ಆ ಲೋಟ ಮಾತ್ರ ನಿದ್ದೆಗೆಡಿಸಿತ್ತು.

“ನನ್ನ ಬಟ್ಟೇಲಿ ರೋಗ ಹುಡುಕ್ತಿದೀರಾ? ಬಾಯಿಬಿಟ್ಟು ಹೇಳಿ ಅತ್ತೆ, ಆಸ್ಪತ್ರೇಲೇ ಇದ್ಬಿಡ್ತೀನಿ.”

“ಹತ್ರ ಬರ್ಬೇಡ ಕಣೇ!” ಅತ್ತೆ ಗೋಡೆಗೆ ಒರಗಿದರು.

“ಅಷ್ಟು ಅಸಹ್ಯ ಆದ್ನಾ? ಅದಕ್ಕೇ ನಂಗೆ ಬೇರೆ ಲೋಟ!”

“ಅಯ್ಯೋ ಪೆದ್ದೀ, ಅದು ನಿಂದಲ್ಲ, ನಂದು.” ಅತ್ತೆ ಬಟ್ಟೆಯನ್ನು ಮತ್ತೆ ಮೂಗಿಗೊತ್ತಿ ಎಳೆದು ಉಸಿರಾಡಿದರು. “ಇಷ್ಟು ಘಾಟಿದ್ರೂ ವಾಸನೇನೇ ಹತ್ತುತ್ತಿಲ್ಲ. ಹೇಳಿದ್ರೆ ನಿನ್ನಿಂದ್ಲೇ ಬಂತು ಅಂತ ಕೊರಗ್ತೀಯ. ಅದಕ್ಕೇ ಸುಮ್ನಿದ್ದೆ.”

ಬೆಳಿಗ್ಗೆ ತನಗೇ ಇಟ್ಟದ್ದಲ್ಲವೇ ಎಂದು ಹಟಕ್ಕೆ ಬಿದ್ದು ತಾನು ಅದೇ ಲೋಟದಲ್ಲಿ ನೀರು ಕುಡಿದದ್ದನ್ನು ಸೊಸೆ ಹೇಳಲಿಲ್ಲ. ಹತ್ತಿರ ಹೋಗಿ ಅತ್ತೆಯ ಹಣೆ ಮುಟ್ಟಿದಳು.