ಕಪ್ಪು ಗೂಡಿನ ಬಿಳಿ ಮರಿ

ಮೂರನೇ ಮೊಟ್ಟೆ ಬಿರಿಯಿತು. ಹೊರಬಂದದ್ದು ಮತ್ತೆ ಕಪ್ಪು ಮರಿಯೇ. ದೊಡ್ಡಾಕೆ ಪೆಟ್ಟಿಗೆಯ ಗಾಜಿನ ಮೇಲಿಂದ ಮೂಗು ತೆಗೆಯದೆಯೇ ನಕ್ಕಳು.

"ಇನ್ನೂ ಆರಿವೆ, ನೋಡ್ತಾ ಇರಿ ಮೇಷ್ಟ್ರೇ. ಇದ್ದಿಲ ಮೂಟೇಲಿ ಸುಣ್ಣ ಹುಡುಕ್ತಾ ಕೂತಿದ್ದೀವಿ."

ಮೇಷ್ಟ್ರು ಚೀಟಿಯಲ್ಲಿ ಮೂರನೇ ಗೆರೆ ಎಳೆದರು. ರೇಷ್ಮೆಯಂಥ ಪುಕ್ಕದ ಸಿಲ್ಕಿ ಕೋಳಿ ಸಾಕುವವರ ಸಂಘಕ್ಕೆ ಅವರು ಅಧ್ಯಕ್ಷರು. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಹೇಳಿದವರು. ಮರಿ ಮಾಡುವ ಪೆಟ್ಟಿಗೆ ಅವರದು, ಅದನ್ನಿಟ್ಟ ಕೋಣೆಯೂ ಅವರದು. ಚಿಕ್ಕಾಕೆಯ ಕಪ್ಪು ಕೋಳಿಗಳ ಗೂಡಿಗೆ ಹೊರಗಿನದೇನೂ ಒಳಸೇರದಂತೆ ಒಂದು ತಿಂಗಳು ತಾವೇ ಬೀಗ ಜಡಿದು, ಆಮೇಲೆ ಒಂಬತ್ತು ಮೊಟ್ಟೆ ಆಯ್ದು ತಂದಿದ್ದರು. ಇವತ್ತಿಗೆ ಇಪ್ಪತ್ತೊಂದನೇ ದಿನ. ಚಿಕ್ಕಾಕೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು.

ಇಬ್ಬರೂ ಅಣ್ಣತಮ್ಮಂದಿರ ಹೆಂಡಿರು. ಅಕ್ಕಪಕ್ಕದ ಮನೆ, ನಡುವೆ ಮೊಣಕಾಲೆತ್ತರದ ಗೋಡೆ. ದೊಡ್ಡಾಕೆಯದು ಬಿಳಿ ತಳಿ, ಸುತ್ತಮುತ್ತ ಇನ್ನೊಬ್ಬರ ಹತ್ತಿರ ಇಲ್ಲದ್ದು. ಚಿಕ್ಕಾಕೆಯದು ಕಪ್ಪು. ಸಂಘದ ಕೋಳಿ ಪ್ರದರ್ಶನದ ಬಹುಮಾನದ ಬೆಳ್ಳಿ ಬಟ್ಟಲು ಐದು ವರ್ಷ ದೊಡ್ಡಾಕೆಯ ಕಪಾಟು ಬಿಟ್ಟು ಕದಲಿರಲಿಲ್ಲ. ಆರನೇ ವರ್ಷ ಚಿಕ್ಕಾಕೆಯ ಕಪ್ಪು ಹೇಂಟೆ ಅದನ್ನು ಹೊಡೆದುಕೊಂಡು ಹೋಯಿತು. ಅದೂ ಸಾಲದೆ ಚಿಕ್ಕಾಕೆ ಎಲ್ಲರೆದುರು, "ನನಗೆ ಕೋಳಿ ಹಿಡಿಯೋದು ಕಲಿಸಿದ್ದೇ ಅಕ್ಕ," ಎಂದುಬಿಟ್ಟಳು. ಜಂಬಪಟ್ಟಿದ್ದರೆ ಬೈದಾದರೂ ಹಗುರಾಗಬಹುದಿತ್ತು. ದೊಡ್ಡಾಕೆಯ ಹೊಟ್ಟೆಕಿಚ್ಚು ಆವತ್ತು ಹತ್ತಿಕೊಂಡಿತು. ಸುಳ್ಳೇಕೆ, ಆಮೇಲೆ ಒಂದು ದಿನವೂ ಆರಲಿಲ್ಲ.

ಆದರೆ ಹೊರಗೆ ತೋರಿಸಿಕೊಳ್ಳುವವಳಲ್ಲ. ಎರಡು ವರ್ಷದ ಹಿಂದೆ ಚಿಕ್ಕಾಕೆಯ ತಾಯಿ ಆಸ್ಪತ್ರೆ ಸೇರಿದಾಗ, "ಹೋಗಿ ಬಾ, ನಾನಿಲ್ವಾ," ಎಂದು ಗೂಡಿನ ಕೀಲಿಕೈ ಇಸಿದುಕೊಂಡವಳು ಅವಳೇ. ಎಂಟು ದಿನ, ಒಂದು ಹೊತ್ತೂ ತಪ್ಪಿಸಲಿಲ್ಲ. ಬೆಳಗಾದರೆ ಕೈಯಲ್ಲಿ ಕಾಳಿನ ಡಬ್ಬಿ, ಬಗಲಲ್ಲಿ ಟವೆಲ್ಲಿನ ಗಂಟು ಹಿಡಿದು ಗೋಡೆ ದಾಟುವಳು. ಕಪ್ಪು ಹುಂಜ ಕುಂಟುತ್ತಿರುವಂತೆ ಕಂಡಿತೆಂದು ಅದನ್ನು ಬೇರೆ ಪಂಜರದಲ್ಲಿಟ್ಟು ಆರೈಕೆಯನ್ನೂ ಮಾಡಿದಳು. ವಾಪಸು ಬಂದ ಚಿಕ್ಕಾಕೆ ಅವಳ ಕೈ ಹಿಡಿದು ಅತ್ತಳು.

ಮುಂದಿನ ತಿಂಗಳು ಆ ಗೂಡಿನ ಮೊಟ್ಟೆಗಳು ಮರಿಯಾದಾಗ ನೋಡಲು ಮೊದಲು ಓಡಿದವಳೂ ದೊಡ್ಡಾಕೆಯೇ. ಒಂದೊಂದನ್ನೂ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. ಎಲ್ಲ ಕಪ್ಪು, ಒಂದಕ್ಕೂ ಒಂದು ಮಚ್ಚೆಯಿಲ್ಲ. ಅಂದು ಅವಳಿಗೆ ಊಟ ಸೇರಲಿಲ್ಲ. ಅವಳ ಬಿಳಿ ಹುಂಜಕ್ಕೂ ಸುಮ್ಮಸುಮ್ಮನೆ ನಾಲ್ಕು ಬೈಗುಳ ಬಿದ್ದವು.

ಆ ಮರಿಗಳೇ ಬೆಳೆದು ಮೊಟ್ಟೆಯಿಟ್ಟವು. ಅವುಗಳಿಂದ ಹುಟ್ಟಿತಂತೆ ಒಂದು ಬಿಳಿ ಹೇಂಟೆ. ಕೆನೆಯಂಥ ಮೈ, ಕಣ್ಣು ಮುಚ್ಚುವ ಜುಟ್ಟು, ಕಾಲಿಗೆ ಎಣಿಸಿ ತಳಿಯ ಗುರುತಾದ ಐದೈದು ಬೆರಳು. ಈ ಸಲದ ಬಟ್ಟಲು ಅದಕ್ಕೇ ಎಂದು ಸಂಘದಲ್ಲಿ ಆಗಲೇ ಮಾತು. ತನ್ನ ಬಣ್ಣದಲ್ಲೇ ತನ್ನನ್ನು ಸೋಲಿಸಲು ಹೊರಟಿದ್ದಾಳೆ ಎಂದು ದೊಡ್ಡಾಕೆಯ ಮೈ ಉರಿದುಹೋಯಿತು. ನೇರ ಸಂಘದ ಸಭೆಗೆ ಹೋದಳು.

"ನನ್ನ ಮೊಟ್ಟೆ ಕದ್ದಿದ್ದಾಳೆ. ಕಪ್ಪಿಗೆ ಬಿಳಿ ಎಲ್ಲಾದ್ರೂ ಹುಟ್ಟುತ್ತಾ? ನನ್ನ ಕೋಳಿಗಳು ತಾವಾಗೇ ಹೋಗೋ ಹಾಗೂ ಇಲ್ಲ. ಈ ಜಾತಿಗೆ ಹಾರೋಕೆ ಬರಲ್ಲ. ಆ ಗೋಡೆ ದಾಟ್ಬೇಕಾದ್ರೆ ಯಾರಾದ್ರೂ ಎತ್ಕೊಂಡೇ ಹೋಗ್ಬೇಕು. ಬರ್ಕೊಳ್ಳಿ ಮೇಷ್ಟ್ರೇ. ಇನ್ನೊಬ್ಬರ ಗೂಡಿಗೆ ಕೈ ಹಾಕಿದವರು ಇನ್ನು ಈ ಸಂಘದ ಮೆಟ್ಟಿಲು ಹತ್ತಕೂಡದು, ಪ್ರದರ್ಶನಕ್ಕೆ ಕಾಲಿಡಕೂಡದು."

ಮೇಷ್ಟ್ರು ಎಲ್ಲವನ್ನೂ ಬರೆದುಕೊಂಡರು. ಚಿಕ್ಕಾಕೆಯ ಗೂಡಿನ ಮೊಟ್ಟೆ ತಂದು, ಬಿಳಿ ಮರಿ ಬರುತ್ತದೋ ಪರೀಕ್ಷಿಸೋಣ ಎಂದರು. ಚಿಕ್ಕಾಕೆ ಅಂದದ್ದು ಇಷ್ಟೇ: "ಆಗಲಿ. ಅಕ್ಕ ಹೇಳಿದ ಹಾಗೇ ಆಗಲಿ." ಇಬ್ಬರೂ ಸಹಿ ಹಾಕಿದರು.

ನಾಲ್ಕು, ಐದು, ಆರು. ಎಲ್ಲ ಕಪ್ಪು. ದೊಡ್ಡಾಕೆ ಆಗಲೇ ಚಪ್ಪಲಿ ಹುಡುಕತೊಡಗಿದ್ದಳು. ಅಷ್ಟರಲ್ಲಿ ಏಳನೆಯದು ಬಿರಿಯಿತು. ಒದ್ದೆ ಮರಿ ಉರುಳಿ ಬಿದ್ದು, ಎದ್ದು, ಮೈ ಒದರಿತು. ಒಣಗಿದ ಮೇಲೂ ಅದು ಬಿಳಿಯೇ. ಎಂಟನೆಯದು ಕಪ್ಪು, ಒಂಬತ್ತನೆಯದು ಮತ್ತೆ ಬಿಳಿ.

ದೊಡ್ಡಾಕೆ ಮತ್ತೆ ಗಾಜಿಗೆ ಮೂಗೊತ್ತಿದಳು. "ಇದು ಹೇಗೆ?" ಎಂದಳು.

"ಬಿಳಿ ಅನ್ನೋದು ಅಡಗಿ ಕೂರೋ ಗುಣ ಕಣಮ್ಮ," ಎಂದರು ಮೇಷ್ಟ್ರು, ಪಾಠ ಹೇಳುವ ಹಳೇ ದನಿಯಲ್ಲಿ. "ಬಿಳಿ ಹುಂಜ, ಕಪ್ಪು ಹೇಂಟೆ ಸೇರಿದ್ರೆ ಮೊದಲ ಮರಿಗಳು ಕಪ್ಪಗೇ ಇರ್ತವೆ. ಹೊರಗೆ ಏನೂ ಕಾಣಲ್ಲ. ಆ ಮರಿಗಳೇ ಜೋಡಿಯಾದ್ರೆ, ನಾಲ್ಕರಲ್ಲಿ ಒಂದರ ಹಾಗೆ ಬಿಳಿ ಆಚೆ ಬರುತ್ತೆ. ಇಲ್ಲಿ ಯಾರೂ ಮೊಟ್ಟೆ ಕದ್ದಿಲ್ಲ. ಈ ಮರಿಗಳ ಅಜ್ಜ ಒಂದು ಬಿಳಿ ಹುಂಜ, ಅಷ್ಟೇ."

ಸುತ್ತಮುತ್ತ ಬಿಳಿ ಹುಂಜ ಯಾರಲ್ಲಿದೆ ಎಂದು ಯಾರೂ ಕೇಳಲಿಲ್ಲ.

"ನಿನ್ನ ಗೂಡಿಗೆ ಅದು ಯಾವಾಗ ಬಂತಮ್ಮ?" ಮೇಷ್ಟ್ರು ಚಿಕ್ಕಾಕೆಯ ಕಡೆ ತಿರುಗಿದರು.

"ನಾನಿದ್ದಾಗಂತೂ ಬಂದಿಲ್ಲ ಮೇಷ್ಟ್ರೇ," ಎಂದಳು ಚಿಕ್ಕಾಕೆ. ದನಿ ಏರಿಸಲಿಲ್ಲ, ದೊಡ್ಡಾಕೆಯ ಮುಖ ಬಿಟ್ಟು ಕಣ್ಣೂ ತೆಗೆಯಲಿಲ್ಲ. "ಅಮ್ಮನ್ನ ನೋಡೋಕೆ ಎಂಟು ದಿನ ಹೋಗಿದ್ದೆ. ಆಗೇನಾದ್ರೂ ಬಂದಿದ್ರೆ ಅಕ್ಕನಿಗೆ ಗೊತ್ತಿರುತ್ತೆ. ದಿನಾ ಅವಳೇ ನೋಡ್ಕೊಂಡಿದ್ದು."

ಮೇಷ್ಟ್ರು ಸಂಘದ ಪುಸ್ತಕ ತೆರೆದು, ದೊಡ್ಡಾಕೆ ಬರೆಸಿದ್ದ ಸಾಲನ್ನು ನಿಧಾನವಾಗಿ ಓದಿದರು: "ಆ ಗೋಡೆ ದಾಟಬೇಕಾದರೆ ಯಾರಾದರೂ ಎತ್ತಿಕೊಂಡೇ ಹೋಗಬೇಕು."

ಎರಡು ವರ್ಷದ ಹಿಂದೆ ಆ ಟವೆಲ್ಲಿನ ಗಂಟಿನೊಳಗೆ, ಚಿಕ್ಕಾಕೆಯ ಕಪ್ಪು ತಳಿ ಕೆಡಿಸಲೆಂದು ದೊಡ್ಡಾಕೆ ಹೊತ್ತೊಯ್ದ ಬಿಳಿ ಹುಂಜವಿತ್ತು.