ಜೋಡಿ ಗುಂಡು

ಮುದುಕನ ಮಗ ಆಸ್ಪತ್ರೆಯಲ್ಲಿದ್ದ. ಮನೆಯಲ್ಲಿ ಎದೆನೋವಿನಿಂದ ಮಲಗಿದ್ದ ತನ್ನ ಹೆಂಡತಿಗೆ, "ಒಂದೇ ಗುಂಡು ಹಾರಿಸುತ್ತೇನೆ, ಹೆದರಬೇಡ" ಎಂದು ಹೇಳಿ ಅವನು ಅಂಗಳಕ್ಕೆ ಬಂದು ಹಾರಿಸಿದ. ಅಲ್ಲಿ ಕಾಯುತ್ತಿದ್ದ, ವಿಡಿಯೋ ಗೇಮ್ ತಯಾರಿಸುವ ಯುವಕ ಆ ಹಳೆಯ ಕೋವಿಯ ಸದ್ದನ್ನು ರೆಕಾರ್ಡ್ ಮಾಡಿಕೊಂಡ.

"ತಕ್ಷಣ ಇನ್ನೊಂದು ಹಾರಬೇಕಲ್ಲ, ಅಜ್ಜ."

"ಮತ್ತೆ ಮದ್ದು ತುಂಬಬೇಕು. ಅಷ್ಟರಲ್ಲಿ ನಿನ್ನ ಶತ್ರು ಊಟ ಮುಗಿಸಿ ಬರುತ್ತಾನೆ."

"ಆಟದಲ್ಲಿ ಶತ್ರು ಎರಡು ಹಾರಿಸುತ್ತಾನೆ, ಇಬ್ಬರ ಬಲವೂ ಸಮ ಇರಬೇಕು. ಬಿಡಿ, ಈ ಸದ್ದನ್ನೇ ಜೋಡಿ ಮಾಡುತ್ತೇನೆ."

"ನಮ್ಮ ಕೊಡವರಲ್ಲಿ ಜೋಡಿ ಗುಂಡು ಹಾರಿಸಿ ಸಾವು ಸಾರುತ್ತೇವಪ್ಪ."

"ಇದು ಬರೀ ಆಟ, ಅಜ್ಜ."

ಸ್ಪೀಕರಿನಲ್ಲಿ ಒಂದರ ಹಿಂದೆ ಒಂದು ಎರಡು ಗುಂಡು ಮೊಳಗಿದವು. ಒಳಗೆ ಹೆಂಡತಿ ಮಗನ ಹೆಸರು ಹಿಡಿದು ಚೀರಿದ್ದು ಕೇಳಿ ಮುದುಕ ಓಡಿದ.

ಹೊರಗೆ ಬಂದಾಗ ಅವನ ಕೈಯಲ್ಲಿ ಇನ್ನೊಂದು ಕೋವಿ ಇತ್ತು. ಎರಡಕ್ಕೂ ಮದ್ದು ತುಂಬಿ, ಒಂದನ್ನು ಆಕಾಶಕ್ಕೆ ಎತ್ತಿದ.